ಕರಿದಕ್ಕೆ ಕಳೆ, ಬಿಳಿದಕ್ಕೆ ಕೂಡು

ನಮ್ಮ ಶಾಲೆಯ ಸ್ಟಾಫ್ ರೂಮಿನ ಕಬ್ಬಿಣದ ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಹತ್ತನೆಯ ತರಗತಿಯ ಗ್ರೂಪ್ ಫೋಟೊಗಳ ಒಂದು ಕಟ್ಟಿದೆ. ವರ್ಷಕ್ಕೊಂದು ಫೋಟೊ. ಮುಂದೆ ಕುರ್ಚಿಯಲ್ಲಿ ನಾವು ಮಾಸ್ತರರು, ಟೀಚರುಗಳು, ಹಿಂದೆ ಮೂರು ಸಾಲು ಹುಡುಗಿಯರು, ಅವರ ಹಿಂದೆ ಸುಣ್ಣ ಬಳಿದ ಗೋಡೆ. ಆ ಕಟ್ಟಿನಲ್ಲಿ 2011ರ ಫೋಟೊ ಒಂದನ್ನು ನಾನು ಬೇಕೆಂದು ಎತ್ತಿ ನೋಡುವುದಿಲ್ಲ. ಕೈಗೆ ಬಂದರೆ ಮಾತ್ರ ಕೆಳಗಿಡಲಾಗುವುದಿಲ್ಲ.

ಅದು ಬಂದ ದಿನ ಹುಡುಗಿಯರೆಲ್ಲ ನನ್ನ ಮೇಜಿನ ಸುತ್ತ ಮುತ್ತಿದ್ದರು. ಒಬ್ಬಳು ಮಾತ್ರ ಬಹಳ ಹೊತ್ತು ಫೋಟೊ ಹಿಡಿದು ನೋಡುತ್ತಲೇ ಇದ್ದಳು. ಕಡೆಗೆ ಮೆಲ್ಲಗೆ ಕೇಳಿದಳು: "ಟೀಚರ್, ಇದ್ರಾಗ ನಾ ಎಲ್ಲಿದ್ದೀನ್ರಿ?"

ಹಿಂದಿನ ಸಾಲಿನಲ್ಲಿ, ಎಡಗಡೆಯಿಂದ ಮೂರನೆಯವಳು. ಬಿಳಿ ಅಂಗಿ ಇತ್ತು, ಎರಡು ಜಡೆಯ ರಿಬ್ಬನ್ನು ಇತ್ತು. ಅವುಗಳ ನಡುವೆ ಮುಖ ಇರಬೇಕಾದ ಕಡೆ ಮಸಿ ಒರೆಸಿದ ಹಾಗೆ ಒಂದು ಕಪ್ಪು. ಯಾರೋ "ಹಲ್ಲು ಹುಡುಕು, ಸಿಗ್ತೀ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳೂ ನಕ್ಕಳು. ಆದರೆ ಫೋಟೊ ಕೊಳ್ಳಲಿಲ್ಲ. ಐವತ್ತು ರೂಪಾಯಿ ತಂದಿದ್ದಳು, ಅದನ್ನು ಮತ್ತೆ ಕರವಸ್ತ್ರದ ತುದಿಗೆ ಕಟ್ಟಿಕೊಂಡು ಹೋದಳು. ಅವಳ ಮನೆಯವರು ಸುಗ್ಗಿ ಮುಗಿದ ಮೇಲೆ ಕೂಲಿಗೆ ಹೈದರಾಬಾದಿಗೆ ಹೋಗುವವರು. ಪರೀಕ್ಷೆ ಬರೆದ ಮೇಲೆ ಅವಳನ್ನು ನಾನು ನೋಡಿಲ್ಲ.

ಆ ಹೊತ್ತಿಗೆ ನನಗೆ ಇದು ಅವಳ ಬಣ್ಣದ ದೋಷ ಎನಿಸಿತ್ತು. ಬಿಸಿಲಿನ ದೋಷ ಎಂದೂ ಅಂದುಕೊಂಡಿದ್ದೆನೇನೋ. ಅದು ತೆಗೆದವನ ದೋಷ, ಸಾಲು ನಿಲ್ಲಿಸಿದವಳ ದೋಷ ಎಂಬುದು ಗೊತ್ತಾಗಲು ನನಗೆ ಏಳು ವರ್ಷ ಹಿಡಿಯಿತು. ಸಾಲು ನಿಲ್ಲಿಸಿದವಳು ನಾನೇ.

ಏಳು ವರ್ಷದ ಮಾತು ಹೇಗೆಂದರೆ, 2018ರಲ್ಲಿ ನನ್ನ ಮಗ ತಾನು ಬಳಸಿ ಬಿಟ್ಟ ಹಳೆಯ ಕ್ಯಾಮೆರಾ ಒಂದನ್ನು ತಂದುಕೊಟ್ಟ. "ಅವ್ವಾ, ರಿಟೈರ್ ಆದ ಮ್ಯಾಲ ಬೇಸರ ಆಗಬಾರ್ದು, ಈಗಿಂದ ಕಲಿ" ಎಂದ. ಅದರ ತಲೆಯ ಮೇಲೊಂದು ತಿರುಗುವ ಗುಂಡಿ. ಗುಂಡಿಯ ಸುತ್ತ ಇಂಗ್ಲಿಷ್ ಅಕ್ಷರಗಳು: ಹಸಿರು ಬಣ್ಣದಲ್ಲಿ ಆಟೊ, ಆಮೇಲೆ ಪಿ, ಎಸ್, ಎ, ಎಂ. ಬಿ.ಎ., ಬಿ.ಎಡ್. ಓದಿ ಇಷ್ಟು ವರ್ಷ ಪಾಠ ಮಾಡಿದವಳು ನಾಲ್ಕು ಅಕ್ಷರಗಳ ಮುಂದೆ ಒಂದನೆಯ ತರಗತಿಯ ಮಗುವಾದೆ. ಜೊತೆಗೆ ಬಂದ ಪುಸ್ತಕ ಯಂತ್ರಕ್ಕೆ ಬರೆದದ್ದು, ಮನುಷ್ಯರಿಗಲ್ಲ. ಹಾಗಾಗಿ ನನಗೆ ತಿಳಿದ ರೀತಿಯಲ್ಲಿ, ಒಲೆಯ ಮುಂದೆ ಕೂತು, ನಾನೇ ಅರ್ಥ ಮಾಡಿಕೊಂಡೆ. ಅದನ್ನೇ ನಿಮಗೂ ಹೇಳುತ್ತೇನೆ.

ರೊಟ್ಟಿ ಬೇಯುವುದಕ್ಕೆ ಏನೇನು ಬೇಕು? ಉರಿ ಎಷ್ಟು, ಹಂಚಿನ ಮೇಲೆ ಇಟ್ಟ ಹೊತ್ತು ಎಷ್ಟು, ರೊಟ್ಟಿ ಎಷ್ಟು ತೆಳ್ಳಗಿದೆ ಎಂಬ ಮೂರು ಲೆಕ್ಕ. ಕ್ಯಾಮೆರಾದಲ್ಲೂ ಮೂರೇ. ಬೆಳಕು ಒಳಗೆ ಬರುವ ಕಿಂಡಿಗೆ ಅಪರ್ಚರ್ ಎನ್ನುತ್ತಾರೆ, ಅದು ಉರಿ. ಕಿಂಡಿ ತೆರೆದಿರುವ ಹೊತ್ತು ಶಟರ್ ವೇಗ. ಬೆಳಕನ್ನು ಹಿಡಿಯುವ ಫಿಲ್ಮು ಅಥವಾ ಈಗಿನ ಸೆನ್ಸರು ಎಷ್ಟು ಬೇಗ ಬೆಳಕಿಗೆ ಓಗೊಡುತ್ತದೆ ಎಂಬುದು ಐಎಸ್ಒ. ತೆಳ್ಳಗೆ ಬಡಿದ ರೊಟ್ಟಿ ಬೇಗ ಬೇಯುತ್ತದೆ, ಆದರೆ ಎತ್ತುವಾಗ ಹರಿಯುತ್ತದೆ. ಐಎಸ್ಒ ಹೆಚ್ಚಿಸಿದರೂ ಹಾಗೆಯೇ: ಕತ್ತಲಲ್ಲೂ ಚಿತ್ರ ಬರುತ್ತದೆ, ಆದರೆ ರವೆ ಚೆಲ್ಲಿದ ಹಾಗೆ ಕಾಳುಕಾಳಾಗುತ್ತದೆ.

ಕಿಂಡಿಯ ಅಂಕಿಗಳು 2.8, 4, 5.6, 8, 11, 16 ಎಂದು ಸಾಗುತ್ತವೆ. ಅಂಕಿ ದೊಡ್ಡದಾದಂತೆ ಕಿಂಡಿ ಚಿಕ್ಕದಾಗುತ್ತದೆ, ಮೊದಮೊದಲು ಇದೇ ತಲೆ ಕೆಡಿಸುವುದು. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕಿಳಿಯುತ್ತದೆ. ಹೊತ್ತು ಕೂಡ ಹಾಗೆಯೇ: ಸೆಕೆಂಡಿನ 60ರಲ್ಲಿ ಒಂದು ಭಾಗ, 125ರಲ್ಲಿ ಒಂದು, 250ರಲ್ಲಿ ಒಂದು. ಕಿಂಡಿ 8, ಹೊತ್ತು 1/125 ಇಟ್ಟರೆ ಎಷ್ಟು ಬೆಳಕೋ, ಕಿಂಡಿ 5.6, ಹೊತ್ತು 1/250 ಇಟ್ಟರೂ ಅಷ್ಟೇ ಬೆಳಕು. ಆದರೆ ಎರಡೂ ಒಂದೇ ಚಿತ್ರವಲ್ಲ. ದೊಡ್ಡ ಉರಿಯಲ್ಲಿ ಬೇಗ ತೆಗೆದ ರೊಟ್ಟಿಗೂ ಸಣ್ಣ ಉರಿಯಲ್ಲಿ ಸಾವಕಾಶ ಬೇಯಿಸಿದ್ದಕ್ಕೂ ರುಚಿ ಬೇರೆಯಲ್ಲವೆ? ಕಿಂಡಿ ದೊಡ್ಡದಾದರೆ ಎದುರಿನ ಮುಖ ಒಂದೇ ಸ್ಪಷ್ಟ, ಹಿಂದಿನದೆಲ್ಲ ಮಂಜು. ಚಿಕ್ಕದಾದರೆ ಮೂರು ಸಾಲೂ ಸ್ಪಷ್ಟ. ಹೊತ್ತು ಕಡಿಮೆಯಾದರೆ ಖೋ-ಖೋದಲ್ಲಿ ಓಡುವ ಹುಡುಗಿ ಗಾಳಿಯಲ್ಲೇ ನಿಲ್ಲುತ್ತಾಳೆ. ಹೆಚ್ಚಾದರೆ ಅವಳು ಬರೀ ಒಂದು ಗೆರೆ.

ಈಗ ಆ ಅಕ್ಷರಗಳ ಅರ್ಥ ಸುಲಭ. ಆಟೊದಲ್ಲಿ ಮೂರನ್ನೂ ಕ್ಯಾಮೆರಾವೇ ನಿರ್ಧರಿಸುತ್ತದೆ. ಪಿ ಎಂದರೆ ಪ್ರೋಗ್ರಾಂ. ಕಿಂಡಿ ಮತ್ತು ಹೊತ್ತಿನ ಜೋಡಿಯನ್ನು ಅದು ಆರಿಸುತ್ತದೆ, ಬೇಕಾದರೆ ಅಷ್ಟೇ ಬೆಳಕಿನ ಬೇರೆ ಜೋಡಿಗೆ ನಾವು ಬದಲಾಯಿಸಬಹುದು. ಎ ಯಲ್ಲಿ ಕಿಂಡಿ ನಮ್ಮದು, ಹೊತ್ತು ಅದರದು. ಎಸ್ ನಲ್ಲಿ ಹೊತ್ತು ನಮ್ಮದು, ಕಿಂಡಿ ಅದರದು. ಎಂ ಎಂದರೆ ಮ್ಯಾನ್ಯುಅಲ್, ಎರಡೂ ನಮ್ಮವೇ. ತಾನೇ ಬೆಳಕನ್ನಳೆದು ತಾನೇ ಹೊಂದಿಸಿಕೊಳ್ಳುವ ಕ್ಯಾಮೆರಾ 1938ರಲ್ಲೇ ಬಂದಿತ್ತು, ಕೊಡಾಕ್ ಕಂಪನಿಯ ಸೂಪರ್ ಸಿಕ್ಸ್-20. ಮುಂದೆ 1976ರ ಕ್ಯಾನನ್ ಎಇ-1 ಆ ಕೆಲಸಕ್ಕೆ ಒಂದು ಪುಟ್ಟ ಗಣಕವನ್ನೇ ಕೂರಿಸಿಕೊಂಡಿತು. 1977ರ ಮಿನೋಲ್ಟಾ ಎಕ್ಸ್‌ಡಿಯಲ್ಲಿ ಕಿಂಡಿ, ಹೊತ್ತು ಎರಡರ ವಿಧಾನಗಳೂ ಸೇರಿದವು. 1978ರ ಕ್ಯಾನನ್ ಎ-1ರಲ್ಲಿ ಪ್ರೋಗ್ರಾಂ ಕೂಡ ಬಂತು. ಇಂದಿನ ಗುಂಡಿಯ ವಂಶಾವಳಿ ಅಲ್ಲಿಂದ.

ಛಾಯಾಗ್ರಹಣ ಕಲಿಸುವ ಪುಸ್ತಕಗಳ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ನಾನು ನೋಡಿದ ಬಹುತೇಕ ಪುಸ್ತಕಗಳು ಈ ಅಕ್ಷರಗಳನ್ನು ಮೆಟ್ಟಿಲಿನಂತೆ ಜೋಡಿಸುತ್ತವೆ. ಆಟೊ ಕಲಿಯದವರಿಗೆ, ಎ ಮತ್ತು ಎಸ್ ಕಲಿಯುವವರಿಗೆ, ಎಂ ಕಲಿತವರಿಗೆ. ಎಂ ನಲ್ಲಿ ತೆಗೆಯುವವನು ಮೇಲಿನ ಜಾತಿ ಎಂಬಂತೆ ಮಾತು. ಇದು ತಪ್ಪು ಪಾಠ. ಒಬ್ಬ ಟೀಚರಾಗಿ ಹೇಳುತ್ತೇನೆ, ಇದು ಮಕ್ಕಳನ್ನು ದಾರಿ ತಪ್ಪಿಸುವ ಪಾಠ. ಏಕೆಂದರೆ ಆಟೊದಿಂದ ಪಿಗೆ, ಪಿಯಿಂದ ಎಗೆ ಹೋದ ಮಾತ್ರಕ್ಕೆ ಕಪ್ಪಾದ ಮುಖ ಬೆಳಗುವುದಿಲ್ಲ. ಈ ಎಲ್ಲ ವಿಧಾನಗಳ ಹಿಂದೆಯೂ ಕೂತು ಬೆಳಕನ್ನಳೆಯುವವನು ಒಬ್ಬನೇ ಲೆಕ್ಕಿಗ. ಅವನು ಅಳೆದು ಹೇಳಿದ ಬೆಳಕನ್ನು ಕಿಂಡಿಗೂ ಹೊತ್ತಿಗೂ ಹೇಗೆ ಹಂಚಬೇಕು ಎಂಬುದಷ್ಟೇ ಬದಲಾಗುತ್ತದೆ. ಲೆಕ್ಕಿಗನ ಲೆಕ್ಕವೇ ತಪ್ಪಿದ್ದರೆ?

ಆ ಲೆಕ್ಕಿಗನಿಗೆ ಗೊತ್ತಿರುವುದು ಒಂದೇ ಸೂತ್ರ, ಸರಾಸರಿ. ಜಗತ್ತಿನ ಎಲ್ಲ ಕಪ್ಪು, ಎಲ್ಲ ಬಿಳುಪು ಕಲಸಿದರೆ ಒಂದು ನಡುವಣ ಬೂದು ಬರುತ್ತದೆ ಎಂದು ಅವನು ನಂಬಿದ್ದಾನೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ಹಿಂತಿರುಗಿಸುವ ಬೂದು ಎಂದು ಛಾಯಾಗ್ರಾಹಕರು ಅದಕ್ಕೆ ಅಂಕಿಯನ್ನೂ ಕೊಟ್ಟಿದ್ದಾರೆ. ಎದುರಿಗೆ ಏನೇ ಇರಲಿ, ಅದನ್ನು ಆ ಬೂದಿಗೆ ತಂದು ನಿಲ್ಲಿಸುವುದು ಅವನ ಕೆಲಸ. ತರಗತಿಯ ಸರಾಸರಿ 48 ಅಂಕ ಎಂದು ನಾವು ತಿಂಗಳ ವರದಿಯಲ್ಲಿ ಬರೆಯುತ್ತೇವೆ. ಆ 48 ಅಂಕ ತೆಗೆದ ಮಗು ತರಗತಿಯಲ್ಲಿ ಒಂದೂ ಇರುವುದಿಲ್ಲ!

ಇದನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮ ಬೀದರಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಬಿದರಿ ಕೆಲಸದ ಹೂದಾನಿ ಎಲ್ಲರ ಮನೆಯಲ್ಲಿ ಇಲ್ಲದಿದ್ದರೂ ಎಲ್ಲರೂ ನೋಡಿದ್ದೇವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೊರೆದು, ಬೆಳ್ಳಿ ಕೂಡಿಸಿ, ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಸುಬಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ಆ ಕಪ್ಪೇ ಅದರ ಜೀವ. ಅಂಥ ಹೂದಾನಿಯನ್ನು ಹತ್ತಿರದಿಂದ, ಚಿತ್ರದ ತುಂಬ ಬರುವಂತೆ ಆಟೊದಲ್ಲಿ ತೆಗೆದು ನೋಡಿ. ಲೆಕ್ಕಿಗ "ಬಹಳ ಕತ್ತಲೆ ಇದೆ" ಎಂದುಕೊಂಡು ಬೆಳಕನ್ನು ಹೆಚ್ಚಿಸುತ್ತಾನೆ. ಕಪ್ಪು ಹೋಗಿ ಬೂದಿ ಬಣ್ಣದ ಅಲ್ಯೂಮಿನಿಯಂ ಪಾತ್ರೆಯಾಗುತ್ತದೆ, ಬೆಳ್ಳಿಯ ಬಳ್ಳಿ ಬಿಳಿ ಮುದ್ದೆಯಾಗುತ್ತದೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಕೆಲಸಕ್ಕೂ ಇದೇ ಗತಿ. ಇನ್ನು ಸುಣ್ಣದ ಗೋಡೆಯನ್ನೋ ಹತ್ತಿಯ ರಾಶಿಯನ್ನೋ ತೆಗೆಯಿರಿ. "ಬಹಳ ಬೆಳಕಿದೆ" ಎಂದು ಅವನು ಬೆಳಕನ್ನು ಇಳಿಸುತ್ತಾನೆ. ಬಿಳಿ ಹತ್ತಿ ಮಾಸಿದ ಹಾಸಿಗೆಯಾಗುತ್ತದೆ.

ಆದ್ದರಿಂದ ಕ್ಯಾಮೆರಾದಲ್ಲಿ ಇನ್ನೊಂದು ಸಣ್ಣ ಗುಂಡಿ ಇಟ್ಟಿದ್ದಾರೆ, ಅದರ ಮೇಲೆ ಕೂಡು ಮತ್ತು ಕಳೆ ಚಿಹ್ನೆ. ನನ್ನ ಮಟ್ಟಿಗೆ ಆ ನಾಲ್ಕು ಅಕ್ಷರಗಳಿಗಿಂತ ಇದೇ ದೊಡ್ಡದು. ಲೆಕ್ಕಿಗ ಹೇಳಿದ ಬೆಳಕಿಗೆ ಒಂದು ಮೆಟ್ಟಿಲು ಕೂಡಿಸಬಹುದು ಇಲ್ಲವೆ ಕಳೆಯಬಹುದು. ನಾನು ಮಕ್ಕಳಿಗೆ ಮಗ್ಗಿಯ ಹಾಗೆ ಹೇಳಿಕೊಟ್ಟಿದ್ದೇನೆ: ಕರಿದಕ್ಕೆ ಕಳೆ, ಬಿಳಿದಕ್ಕೆ ಕೂಡು. ಕೇಳಿದವರಿಗೆ ಉಲ್ಟಾ ಅನಿಸುತ್ತದೆ. ಕರಿದು ಕರಿದಾಗಿಯೇ ಉಳಿಯಬೇಕಾದರೆ ಲೆಕ್ಕಿಗನ ಅತಿ ಉಪಕಾರವನ್ನು ಕಳೆಯಬೇಕು. ಬಿಳಿದು ಬಿಳಿದಾಗಿಯೇ ಉಳಿಯಬೇಕಾದರೆ ಅವನು ಕದ್ದ ಬೆಳಕನ್ನು ಹಿಂದೆ ಕೊಡಬೇಕು.

ಈಗ 2011ರ ಫೋಟೊಗೆ ಬನ್ನಿ. ಮಧ್ಯಾಹ್ನ 12 ಗಂಟೆಯ ಬಿಸಿಲು, ಸುಣ್ಣದ ಗೋಡೆ, ಮೂರು ಸಾಲು ಬಿಳಿ ಅಂಗಿ. ಲೆಕ್ಕಿಗ ಈ ಬಿಳುಪನ್ನೆಲ್ಲ ನೋಡಿ ಗಾಬರಿಯಾಗಿ ಬೆಳಕು ಇಳಿಸಿದ. ಗೋಧಿ ಬಣ್ಣದ ಮುಖಗಳು ಕಪ್ಪಾದವು, ಕಪ್ಪು ಮುಖ ಇಲ್ಲವೇ ಆಯಿತು. ತೆಗೆದವನು ಒಂದು ಮೆಟ್ಟಿಲು ಕೂಡಿಸಿದ್ದರೆ ಸಾಕಿತ್ತು, ಇಲ್ಲವೆ ಗುಂಪನ್ನು ಹತ್ತು ಹೆಜ್ಜೆ ಆಚೆ ಬೇವಿನ ನೆರಳಿಗೆ ಸರಿಸಿದ್ದರೆ ಸಾಕಿತ್ತು. ಗೋಡೆ ಸ್ವಲ್ಪ ಹೆಚ್ಚು ಬೆಳ್ಳಗಾಗುತ್ತಿತ್ತು. ಗೋಡೆಗೆ ಯಾರು ಐವತ್ತು ರೂಪಾಯಿ ಕೊಡುತ್ತಿದ್ದರು?

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಹುಡುಗಿಯನ್ನು ಒಬ್ಬಳನ್ನೇ, ಮುಖ ಚಿತ್ರದ ತುಂಬ ಬರುವಂತೆ ಆಟೊದಲ್ಲಿ ತೆಗೆದಿದ್ದರೆ ಲೆಕ್ಕಿಗ ಅವಳನ್ನು ಬಿದರಿ ಹೂದಾನಿಯಂತೆ ಬೆಳ್ಳಗೆ ಮಾಡುತ್ತಿದ್ದ. ಗುಂಪಿನಲ್ಲಿ ನುಂಗುತ್ತಾನೆ, ಒಂಟಿಯಾಗಿ ಸಿಕ್ಕರೆ ಸುಣ್ಣ ಬಳಿಯುತ್ತಾನೆ. ಅವಳಿದ್ದ ಹಾಗೆ ಅವಳನ್ನು ನೋಡುವುದು ಮಾತ್ರ ಅವನಿಗೆ ಬಾರದು. ಈಗಿನ ಹೊಸ ಕ್ಯಾಮೆರಾಗಳು, ಫೋನುಗಳು ಮುಖವನ್ನು ಗುರುತು ಹಿಡಿದು ಅಳೆಯುತ್ತವೆ, ಮೊದಲಿಗಿಂತ ಜಾಣವಾಗಿವೆ, ನಿಜ. ಆದರೆ ಗುರುತು ಹಿಡಿದ ಮೇಲೆ ಎಷ್ಟೋ ಫೋನುಗಳು ಮಾಡುವ ಮೊದಲ ಕೆಲಸ ಆ ಮುಖವನ್ನು ತಿದ್ದಿ ಬೆಳ್ಳಗೆ ಮಾಡುವುದೇ.

ಮೊನ್ನೆ ಮೆಹಕರದಲ್ಲಿ ತಂಗಿಯ ಮಗಳ ಮದುವೆಯ ಆಲ್ಬಂ ಬಂತು. ಮೆಹಕರ ನನ್ನ ತವರು, ಭಾಲ್ಕಿ ತಾಲೂಕಿನ ಗಡಿಯ ಊರು, ಒಂದೇ ಮಾತಿನಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ ಹರಿಯುವ ಊರು. ಹುಡುಗಿ ನಮ್ಮ ಅವ್ವನ ಬಣ್ಣ, ಎರೆ ಮಣ್ಣಿನ ಬಣ್ಣ. ಆಲ್ಬಮಿನ ತುಂಬ ಒಬ್ಬ ಗುಲಾಬಿ ಬಣ್ಣದ ಮದುಮಗಳು ಕೂತಿದ್ದಳು. ತಂಗಿ ಪುಟ ತಿರುವಿ ತಿರುವಿ ನೋಡಿ, "ಅಕ್ಕಾ, ಇದು ಯಾರ ಮಗಳವ್ವ?" ಎಂದಳು. ಬೀಗರು ಮಾತ್ರ "ಫೋಟೊ ಭಾಳ ಛಲೋ ಬಂದಾವ" ಎಂದರು. ಮದುಮಗಳು ಏನೂ ಅನ್ನಲಿಲ್ಲ. ಮುಖ ಬೆಳ್ಳಗಾಗುವ ಮುಲಾಮಿನ ಹೆಸರಿನಿಂದ "ಫೇರ್" ಎಂಬ ಶಬ್ದ 2020ರಲ್ಲಿ ಹೋಯಿತು. ಆಲ್ಬಮ್ಮುಗಳಿಂದ ಅದು ಇನ್ನೂ ಹೋಗಿಲ್ಲ.

ಇದು ನಮ್ಮ ಹಳ್ಳಿಯ ಸ್ಟುಡಿಯೋದವರ ಕಥೆ ಮಾತ್ರವಲ್ಲ. ಕೊಡಾಕ್ ಕಂಪನಿಯವರು ಬಣ್ಣದ ಫೋಟೊ ಮುದ್ರಿಸುವವರಿಗೆ ಅಳತೆಗೆಂದು ಒಂದು ಕಾರ್ಡು ಕಳಿಸುತ್ತಿದ್ದರು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡು ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ, ಉಳಿದವರದು ಬಂದ ಹಾಗೆ. ಕಂದು ಬಣ್ಣ ಸರಿಯಾಗಿ ಬರುವುದಿಲ್ಲವೆಂದು ಚಾಕೊಲೇಟು ಮಾಡುವವರು, ಮರದ ಪೀಠೋಪಕರಣ ಮಾರುವವರು ದೂರಿದ ಮೇಲೆ ಕಂಪನಿ ಎಚ್ಚೆತ್ತಿತು ಎಂದು ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಕುರ್ಚಿಗೆ ಸಿಕ್ಕ ನ್ಯಾಯ ಮನುಷ್ಯರಿಗೆ ಅದರ ಹಿಂದಿನಿಂದ ಬಂತು.

ಹಾಗಾದರೆ ಚಿತ್ರದಲ್ಲಿ ಕತ್ತಲೆ ಇರಲೇಬಾರದೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಮೈಸೂರಿನ ವಿ.ಕೆ. ಮೂರ್ತಿ ಅವರು ನೆನಪಾಗುತ್ತಾರೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾಗಿ, 2014ರಲ್ಲಿ ತೀರಿಕೊಂಡವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಗೀತಾ ದತ್ ಹಾಡಿದ ಒಂದು ಹಾಡಿದೆ. ಖಾಲಿ ಸ್ಟುಡಿಯೋ, ಸುತ್ತ ಕತ್ತಲೆ, ಮೇಲಿನಿಂದ ಇಳಿದ ಒಂದೇ ಒಂದು ಬೆಳಕಿನ ಕೋಲು, ಅದರ ಆಚೆ ಈಚೆ ಇಬ್ಬರು. ಹೊರಗಿನ ಸೂರ್ಯನ ಬೆಳಕನ್ನು ದೊಡ್ಡ ಕನ್ನಡಿಗಳಿಂದ ಹೊರಳಿಸಿ ಒಳಗೆ ತಂದು ಆ ಕೋಲನ್ನು ಅವರು ಮಾಡಿದರು.

ಈ ದೃಶ್ಯ ನನ್ನನ್ನು ಮೊದಲ ಸಲ ಹಿಡಿದು ನಿಲ್ಲಿಸಿದ್ದಕ್ಕೆ ಕಾರಣ ಪ್ರೇಮವಲ್ಲ. ಮೆಹಕರದ ನಮ್ಮ ಮಾಳಿಗೆ ಮನೆಯ ಅಡಿಗೆಕೋಣೆಗೆ ಕಿಟಕಿ ಇರಲಿಲ್ಲ, ಮೇಲೆ ಒಂದು ಬೆಳಕಿಂಡಿ ಇತ್ತು. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ಒಲೆಯ ಹೊಗೆಯಲ್ಲಿ ಅದೇ ಕೋಲು ಇಳಿದು ಅವಳ ಕೈಯ ಮೇಲೆ ಬೀಳುತ್ತಿತ್ತು. ನಮ್ಮ ಕಾಕಾನ ಹತ್ತಿರ ಆಗ್ಫಾ ಕ್ಲಿಕ್ ಥ್ರೀ ಎಂಬ ಡಬ್ಬಿ ಕ್ಯಾಮೆರಾ ಇತ್ತು, ಒಂದು ರೀಲಿಗೆ 12 ಫೋಟೊ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಅಡಿಗೆಕೋಣೆಗೆ ಗುರುತೇ ಇರಲಿಲ್ಲ. "ವೈನಿ, ಹೊರಗ ಬರ್ರಿ, ಬಿಸಿಲಾಗ ನಿಂದರ್ರಿ" ಎನ್ನುತ್ತಿದ್ದ. ಹಾಗಾಗಿ ಅವ್ವನ ಎರಡೇ ಎರಡು ಫೋಟೊಗಳಲ್ಲೂ ಅವಳು ಅಂಗಳದಲ್ಲಿ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ. ಅವಳ ಬಾಳು ಕಳೆದ ಜಾಗದಲ್ಲಿ ಅವಳ ಫೋಟೊ ಒಂದೂ ಇಲ್ಲ. ಮೂರ್ತಿಯವರ ಆ ಒಂದು ದೃಶ್ಯ ನೋಡಿದಾಗ, ಕತ್ತಲಲ್ಲೂ ಮನುಷ್ಯರನ್ನು ಕಾಣಿಸಲು ಬರುತ್ತದೆ ಎಂಬುದು ನನಗೆ ತಿಳಿಯಿತು.

ಚಲನಚಿತ್ರದ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡಬೇಕಾದ್ದರಿಂದ ಹೊತ್ತು ಹೆಚ್ಚುಕಡಿಮೆ ಕಟ್ಟಿಹಾಕಿದಂತೆ, ಸುಮಾರು 1/50. ಉಳಿದದ್ದು ಕಿಂಡಿ ಮತ್ತು ದೀಪ. ಅಂದರೆ ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂಬುದನ್ನು ಅವರು ಒಂದೊಂದಾಗಿ ಯೋಚಿಸಿಯೇ ಇಡಬೇಕಿತ್ತು. ಅದು ಆರಿಸಿದ ಕತ್ತಲೆ. ನಮ್ಮ 2011ರದು ಅರಿಯದ ಕತ್ತಲೆ. ಚಿತ್ರವನ್ನು ವಿಮರ್ಶಿಸುವಾಗ ಈ ಎರಡನ್ನು ಬೇರೆ ಮಾಡದಿದ್ದರೆ ನಮಗೆ ನೋಡಲು ಬರುವುದಿಲ್ಲ ಎಂದೇ ಅರ್ಥ.

ಆದರೆ ಆರಿಸಿದ ಕತ್ತಲೆಗೂ ಪ್ರಶ್ನೆ ಕೇಳಬಾರದೆಂದಿಲ್ಲ. 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರದಲ್ಲಿ ಆಶಾ ಭೋಸ್ಲೆ ಹಾಡಿದ ಕೋಠಿಯ ಹಾಡೊಂದಿದೆ. ನಡುವೆ ಕುಣಿಯುವ ಮೀನೂ ಮುಮ್ತಾಜ್ ಅವರ ಮೇಲೆ ಪೂರ್ತಿ ಬೆಳಕು, ಸುತ್ತ ಕುಣಿಯುವವರ ಮುಖಗಳು ಹಾಡಿನ ಉದ್ದಕ್ಕೂ ನೆರಳು. ಕಸುಬಿನ ದೃಷ್ಟಿಯಿಂದ ಅದೊಂದು ಅದ್ಭುತ. ಬರೀ ಆಕಾರಗಳು ತಿರುಗುತ್ತಿದ್ದರೆ ನಡುವಿನ ಮುಖ ದೀಪದಂತೆ ಉರಿಯುತ್ತದೆ. ನಾನೂ ಕಣ್ಣು ಮಿಟುಕಿಸದೆ ನೋಡಿದ್ದೇನೆ. ಆದರೆ ಈಗ ನೋಡಿದರೆ ನನ್ನ ಕಣ್ಣು ಆ ನೆರಳಿನವರ ಕಡೆಗೇ ಹೋಗುತ್ತದೆ. ಅವರೂ ಅಷ್ಟೇ ಕುಣಿದರಲ್ಲ, ಮನೆಗೆ ಹೋಗಿ "ನಾ ಆ ಸಿನಿಮಾದಾಗ ಇದ್ದೀನಿ" ಎಂದರೆ ಮಕ್ಕಳು ಎಲ್ಲಿ ಎಂದು ಹುಡುಕಿರಬೇಕು? ಮೂರ್ತಿಯವರ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ದೊಡ್ಡ ಕಲೆಯಲ್ಲೂ ಯಾರೋ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ ಎಂಬುದನ್ನು ಹಿಂದಿನ ಸಾಲು ನಿಲ್ಲಿಸಿದವಳು ಮರೆಯಲಾರಳು, ಅಷ್ಟೇ.

ಅದೇ 1923ರಲ್ಲಿ, ಅದೇ ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಅವರದು ಬೇರೆ ದಾರಿ. ದೀಪ ಜೋಡಿಸುವ ಕೆಲಸವಲ್ಲ, ಬೀದಿಯಲ್ಲಿ ಸಿಕ್ಕ ಬೆಳಕಿನಲ್ಲಿ ಸಿಕ್ಕ ಮನುಷ್ಯರನ್ನು ನೋಡುವ ಕೆಲಸ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಕಪ್ಪು-ಬಿಳುಪಿನ ಚಿತ್ರಗಳಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದೇ: ಮಕ್ಕಳ ಮುಖ ಮಕ್ಕಳ ಮುಖವಾಗಿಯೇ ಇರುತ್ತದೆ. ಬಡ ಮಗುವನ್ನು ಕನಿಕರಕ್ಕಾಗಿ ಕಪ್ಪು ಮಾಡುವುದಿಲ್ಲ, ಚೆಂದಕ್ಕಾಗಿ ಬಿಳಿ ಮಾಡುವುದಿಲ್ಲ. ಇಂಥ ಚಿತ್ರದ ಮುಂದೆ ನಿಂತಾಗ ಯಾವ ಅಕ್ಷರದ ವಿಧಾನದಲ್ಲಿ ತೆಗೆದರೆಂದು ಕೇಳಬೇಕೆನಿಸುವುದೇ ಇಲ್ಲ.

ಇನ್ನೊಂದು ಸಂಗತಿ ನಮ್ಮ ಕಡೆಯದೇ. ಬೀದರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಅವರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಒಂದು ಜನಾನಾ ಸ್ಟುಡಿಯೋ ತೆರೆದರು. ಪರದೆಯಲ್ಲಿರುವ ಹೆಣ್ಣುಮಕ್ಕಳು ಬಂದು ಫೋಟೊ ತೆಗೆಸಿಕೊಳ್ಳಲು ಎತ್ತರದ ಗೋಡೆ, ಒಳಗೆ ಕ್ಯಾಮೆರಾ ಹಿಡಿಯಲು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ನೂರು ವರ್ಷಕ್ಕೂ ಹಿಂದೆ ನಮ್ಮದೇ ರಾಜಧಾನಿಯಲ್ಲಿ ಹೆಣ್ಣಿನ ಕೈಯಲ್ಲಿ ಕ್ಯಾಮೆರಾ ಇತ್ತೆಂದರೆ ನನಗೆ ಬೆರಗು. ಆದರೆ ಅಲ್ಲಿಗೆ ಹೋದವರು ಪಲ್ಲಕ್ಕಿ, ಗಾಡಿ ಇದ್ದ ಮನೆತನದವರು. ಮೆಹಕರದಂಥ ಊರಿನ ಹೆಂಗಸು ಕ್ಯಾಮೆರಾದ ಮುಂದೆ ಬರಲು ಇನ್ನೂ ಎರಡು ತಲೆಮಾರು ಹಿಡಿಯಿತು, ಅದರ ಹಿಂದೆ ನಿಲ್ಲಲು ಇನ್ನೂ ಒಂದು.

ಎಂ ಬಗ್ಗೆ ಕೊಂಕು ಆಡಿದೆನಲ್ಲ, ಅದರ ನಿಜವಾದ ಉಪಯೋಗ ನನಗೆ ತಿಳಿದದ್ದು ನಮ್ಮ ಶಾಲೆಯ ಬಹುಮಾನ ವಿತರಣೆಯಲ್ಲಿ. ವೇದಿಕೆಯ ಮೇಲೆ ಒಂದೇ ದೀಪ, ಒಂದೇ ಜಾಗ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಬಹುಮಾನ ತೆಗೆದುಕೊಂಡು ಹೋಗುತ್ತಾರೆ. ಎ ಯಲ್ಲಿಟ್ಟು ತೆಗೆದೆ. ಬಿಳಿ ಅಂಗಿಯವಳ ಮುಖ ಕಪ್ಪಾಯಿತು, ಅವಳ ಹಿಂದೆಯೇ ಕಪ್ಪು ಬುರ್ಖಾ ತೊಟ್ಟು ಬಂದ ಗೆಳತಿಯ ಮುಖ ಸುಣ್ಣದಂತಾಯಿತು. ಇಬ್ಬರದೂ ಒಂದೇ ಬಣ್ಣ, ಇಬ್ಬರ ಮೇಲೂ ಒಂದೇ ದೀಪ. ಲೆಕ್ಕಿಗ ಅವರ ಬಟ್ಟೆ ನೋಡಿ ಮುಖಕ್ಕೆ ಬೆಳಕು ಹಂಚುತ್ತಿದ್ದ. ಆಗ ಎಂ ಗೆ ತಿರುಗಿಸಿ, ಒಬ್ಬಳ ಮುಖದ ಮೇಲಿನ ಬೆಳಕನ್ನು ನೋಡಿ, ಕಿಂಡಿ 4, ಹೊತ್ತು 1/125, ಐಎಸ್ಒ 1600 ಎಂದು ಕಟ್ಟಿಹಾಕಿದೆ. ಆಮೇಲೆ ಯಾರು ಏನು ಉಟ್ಟು ಬಂದರೂ ಅವರ ಮುಖ ಅವರದೇ ಆಗಿ ಬಂತು. ಬೆಳಕು ಒಂದೇ ಇದ್ದಾಗ ಅಳತೆಯೂ ಒಂದೇ ಇರಬೇಕು. ಎಂ ಇರುವುದು ಇಂಥ ಹೊತ್ತಿಗೆ, ಜಂಭಕ್ಕಲ್ಲ. ಹಾಗೆಯೇ ಮೋಡ ಸರಿಯುತ್ತಿರುವಾಗ, ಜಾತ್ರೆಯಲ್ಲಿ ಓಡಾಡುವಾಗ ಎಂ ಹಿಡಿದು ಕೂತರೆ ಕ್ಷಣ ತಪ್ಪಿಹೋಗುತ್ತದೆ. ಅಲ್ಲಿ ಪಿಯೇ ವಾಸಿ, ಆಟೊ ಕೂಡ ನಾಚಿಕೆಯದಲ್ಲ. ಫಲಿತಾಂಶ ನೋಡಿ "ಇದು ಇದ್ದ ಹಾಗಿದೆಯೆ?" ಎಂದು ಕೇಳಿಕೊಳ್ಳದಿರುವುದು ಮಾತ್ರ ನಾಚಿಕೆ.

ಕಳೆದ ವರ್ಷ ಹತ್ತನೆಯ ತರಗತಿಯ ಗ್ರೂಪ್ ಫೋಟೊ ನಾನೇ ತೆಗೆಯುತ್ತೇನೆಂದೆ. ಹೆಡ್ ಮಾಸ್ತರರು "ಮೇಡಂ, ನೀವು ಫೋಟೊದಾಗ ಇರೋದಿಲ್ಲಲ್ರಿ" ಎಂದರು. ಇರಲಿ ಎಂದೆ. ಬೆಳಿಗ್ಗೆ 9 ಗಂಟೆಗೆ ಬೇವಿನ ನೆರಳಿಗೆ ಎಲ್ಲರನ್ನೂ ಕರೆದೆ. ಸಾಲು ನೀವೇ ನಿಂತುಕೊಳ್ಳಿರಿ ಎಂದೆ. ನೂಕಾಡಿ, ಜಗಳಾಡಿ, ಗೆಳತಿಯರ ಪಕ್ಕ ಗೆಳತಿಯರು ನಿಂತರು. ಎ ಯಲ್ಲಿಟ್ಟೆ, ಮೂರು ಸಾಲೂ ಸ್ಪಷ್ಟ ಬರಲೆಂದು ಕಿಂಡಿ 8 ಮಾಡಿದೆ, ಬಿಳಿ ಅಂಗಿಗಳನ್ನು ನೋಡಿ ಒಂದು ಮೆಟ್ಟಿಲಿಗೆ ಸ್ವಲ್ಪ ಕಡಿಮೆ ಕೂಡಿಸಿದೆ. ಒಂದು ತೆಗೆದು, ಹಿಂದಿನ ಪರದೆಯ ಮೇಲೆ ದೊಡ್ಡದು ಮಾಡಿ, ಹಿಂದಿನ ಸಾಲಿನ ಒಂದೊಂದೇ ಮುಖ ನೋಡಿದೆ. ಇನ್ನೂ ಸ್ವಲ್ಪ ಕೂಡಿಸಿ ಮತ್ತೆ ತೆಗೆದೆ. ಒಟ್ಟು ಒಂಬತ್ತು ತೆಗೆದೆ. "ಎಷ್ಟು ಹೊತ್ತು ಟೀಚರ್?" ಎಂದು ಹುಡುಗಿಯರು ರೇಗಿದರು.

ಚಿತ್ರ ಮಹಾ ಏನಲ್ಲ. ಇಬ್ಬರು ಕಣ್ಣು ಮುಚ್ಚಿದ್ದಾರೆ, ಹಿಂದಿನ ಗೋಡೆ ಬೆಳ್ಳಗೆ ಬೆಂದುಹೋಗಿದೆ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಯಲ್ಲಿ ಹೆಡ್ ಮಾಸ್ತರರ ತಲೆ ಹೊಳೆಯುತ್ತಿದೆ. ಪರಿಣತರು ನೋಡಿದರೆ ಹತ್ತು ತಪ್ಪು ಹೇಳಿಯಾರು. ಆದರೆ 38 ಹುಡುಗಿಯರಲ್ಲಿ ಒಬ್ಬಳೂ ನಾ ಎಲ್ಲಿದ್ದೀನಿ ಎಂದು ಕೇಳಲಿಲ್ಲ.

ಅದನ್ನು ಕಟ್ಟಿನಲ್ಲಿ ಇಡುವಾಗ 2011ರದು ಮತ್ತೆ ಕೈಗೆ ಬಂತು. ಅದನ್ನು ಮನೆಗೆ ತಂದು, ಮಗನ ಗಣಕಯಂತ್ರದಲ್ಲಿ ಹಾಕಿಸಿ, ಆ ಕಪ್ಪನ್ನು ಎಷ್ಟು ಎತ್ತಿದರೂ ಮುಖ ಬರಲಿಲ್ಲ. ಬೆಳಕು ಬಿದ್ದೇ ಇಲ್ಲದ ಕಡೆ ಆಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ. ಈಗ ಅವಳಿಗೆ ಮೂವತ್ತು ಮುಟ್ಟುತ್ತಿರಬೇಕು. ಬಸ್ ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸು ಬಂದು ನಿಂತಾಗ ಇಳಿಯುವವರ ಮುಖ ನೋಡುತ್ತೇನೆ. ಗುರುತು ಹಿಡಿಯಲು ನನ್ನ ಬಳಿ ಅವಳ ಫೋಟೊ ಇಲ್ಲ.